ಆಜ್ಞೆ ಮಾಡಲೊಲ್ಲದ ಪತ್ರ

ನಮ್ಮ ಆಲಂಕಾರಿಕರು ಉಪದೇಶದಲ್ಲಿ ಮೂರು ಬಗೆಯನ್ನು ಹೇಳಿದ್ದಾರೆ. ವೇದಶಾಸ್ತ್ರಗಳದು ಪ್ರಭುಸಮ್ಮಿತ, ಒಡೆಯನಂತೆ ಅದು ಅಪ್ಪಣೆ ಮಾಡುತ್ತದೆ, ಕಾರಣ ಹೇಳುವ ಗೋಜಿಗೆ ಹೋಗುವುದಿಲ್ಲ. ಪುರಾಣೇತಿಹಾಸಗಳದು ಮಿತ್ರಸಮ್ಮಿತ, ಹೀಗೆ ಮಾಡಿದರೆ ಹೀಗಾಗುತ್ತದೆ ನೋಡು ಎಂದು ಗೆಳೆಯನಂತೆ ತಿಳಿಯಹೇಳುತ್ತದೆ. ಕಾವ್ಯದ್ದು ಕಾಂತಾಸಮ್ಮಿತ, ಮನಸ್ಸನ್ನು ಒಲಿಸಿಕೊಂಡು, ನಾವೇ ಬಯಸಿ ಮಾಡಿದೆವೆಂಬ ಭಾವನೆ ಹುಟ್ಟುವಂತೆ ನಮ್ಮಿಂದ ಒಳ್ಳೆಯದನ್ನು ಮಾಡಿಸುತ್ತದೆ. ಮಮ್ಮಟನ ಕಾವ್ಯಪ್ರಕಾಶವನ್ನು ಬಲ್ಲವರಿಗೆಲ್ಲ ಪರಿಚಿತವಾದ ವಿಭಾಗ ಇದು. ಧರ್ಮಗ್ರಂಥವೆಂದ ಕೂಡಲೆ ಅದು ಮೊದಲನೆಯ ಬಗೆಗೇ ಸೇರಿದ್ದೆಂದು ನಾವು ತೀರ್ಮಾನಿಸಿಬಿಡುವುದುಂಟು. ಆದರೆ ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಒಂದು ಪುಟ್ಟ ಪತ್ರವಿದೆ. ಆಜ್ಞೆ ಮಾಡುವ ಅಧಿಕಾರ ತನಗಿದೆ, ಆದರೂ ಮಾಡಲಾರೆ ಎಂದು ಹೇಳಿಕೊಂಡೇ ಹೊರಟ ಪತ್ರ ಅದು. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಅದನ್ನು ಕುರಿತು.

ಇದು ಪೌಲನು ಫಿಲೆಮೋನನಿಗೆ ಬರೆದ ಪತ್ರ. ಒಟ್ಟು ಇಪ್ಪತ್ತೈದು ವಚನಗಳು. ಗ್ರೀಕ್ ಮೂಲದಲ್ಲಿ ಸುಮಾರು 335 ಶಬ್ದಗಳು. ಗಟ್ಟಿಯಾಗಿ ಓದಿದರೂ ನಾಲ್ಕು ನಿಮಿಷಗಳಲ್ಲಿ ಮುಗಿಯುತ್ತದೆ. ಕ್ರಿ. ಶ. ಒಂದನೆಯ ಶತಮಾನದ ನಡುಭಾಗದಲ್ಲಿ, ಹೆಚ್ಚುಕಡಮೆ 55ರಿಂದ 62ರೊಳಗೆ, ಪೌಲನು ಸೆರೆಯಲ್ಲಿದ್ದಾಗ ಬರೆದದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಎಣಿಸುತ್ತಾರೆ. ಆ ಸೆರೆಮನೆ ರೋಮಿನದೋ, ಎಫೆಸದ್ದೋ, ಕೈಸರೈಯದ್ದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಫಿಲೆಮೋನನು ಇಂದಿನ ಟರ್ಕಿ ದೇಶದಲ್ಲಿದ್ದ ಕೊಲೊಸ್ಸೆ ಎಂಬ ಊರಿನ ಗೃಹಸ್ಥನೆಂದು ಊಹಿಸಲಾಗಿದೆ. ಅನುಕೂಲವಂತ, ಅವನ ಮನೆಯಲ್ಲೇ ಹೊಸ ಮತದವರು ಸಭೆ ಸೇರುತ್ತಿದ್ದರು. ಅವನಿಗೆ ಒನೇಸಿಮನೆಂಬ ಒಬ್ಬ ಗುಲಾಮನಿದ್ದ. ಆ ಗುಲಾಮನು ಹೇಗೋ ಒಡೆಯನಿಂದ ದೂರವಾಗಿ ಸೆರೆಯಲ್ಲಿದ್ದ ಪೌಲನ ಬಳಿಗೆ ಬಂದ, ಅವನಿಂದ ಕ್ರೈಸ್ತನಾದ. ಓಡಿಬಂದವನೆಂದು ಪರಂಪರೆ ಹೇಳುತ್ತದೆ. ಮುನಿದ ಒಡೆಯನಿಗೆ ಬುದ್ಧಿ ಹೇಳಿಸಲು ಅವನ ಗೆಳೆಯನನ್ನು ಹುಡುಕಿಕೊಂಡು ಬಂದವನಿರಬಹುದೆಂದು ಈಚಿನ ಕೆಲವು ವಿದ್ವಾಂಸರ ಅಭಿಪ್ರಾಯ. ಪತ್ರ ಮಾತ್ರ ಓಡಿಹೋದನೆಂಬ ಮಾತನ್ನು ಎಲ್ಲಿಯೂ ಬಳಸುವುದಿಲ್ಲ. ಈಗ ಪೌಲನು ಅವನನ್ನು ಒಡೆಯನ ಬಳಿಗೆ ಮರಳಿ ಕಳುಹಿಸುತ್ತಿದ್ದಾನೆ.

ಆ ಹಿಂತಿರುಗುವಿಕೆಯ ಅರ್ಥವೇನೆಂಬುದನ್ನು ನಾವು ಮರೆಯಬಾರದು. ರೋಮನರ ಕಾನೂನಿನಲ್ಲಿ ಗುಲಾಮನೆಂದರೆ ಸ್ವತ್ತು. ತಪ್ಪಿಸಿಕೊಂಡು ಹೋಗಿ ಸಿಕ್ಕಿಬಿದ್ದವನನ್ನು ಹೊಡೆಯಬಹುದಾಗಿತ್ತು, ಹಣೆಗೆ ಬರೆ ಹಾಕಬಹುದಾಗಿತ್ತು. ಅವನಿಗೆ ಆಶ್ರಯ ಕೊಟ್ಟವನೂ ಅಪರಾಧಿಯಾಗುತ್ತಿದ್ದ. ಪತ್ರವೂ ಒನೇಸಿಮನೂ ಒಟ್ಟಿಗೇ ಆ ಮನೆಯನ್ನು ತಲುಪಿರಬೇಕು. ಒಳಗೆ ಪತ್ರ ಓದಿಸುತ್ತಿದ್ದಾರೆ. ಯಾರ ಮೈ ಬೆನ್ನುಗಳ ಮಾತು ಅದರಲ್ಲಿದೆಯೋ ಅವನು ಬಾಗಿಲಲ್ಲಿ ನಿಂತಿದ್ದಾನೆ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದಾಗ ಪತ್ರದ ಒಂದೊಂದು ಶಬ್ದದ ತೂಕವೂ ಬೇರೆಯಾಗುತ್ತದೆ. ಹೇಳುವ ಕೌಶಲ ಇಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ. ಒಬ್ಬ ಮನುಷ್ಯನ ಬಾಳು ಅದನ್ನು ಅವಲಂಬಿಸಿದೆ.

ಮೊದಲನೆಯ ಕೌಶಲವಿರುವುದು ಹೇಳದೆ ಬಿಟ್ಟದ್ದರಲ್ಲಿ. ಪೌಲನು ತನ್ನ ಹಲವು ಪತ್ರಗಳ ಮೊದಲಲ್ಲೇ ತಾನು ಅಪೊಸ್ತಲ, ಎಂದರೆ ದೇವರಿಂದ ನಿಯುಕ್ತನಾಗಿ ಬಂದವನು, ಎಂದು ಬಿರುದನ್ನು ಘೋಷಿಸಿಕೊಳ್ಳುತ್ತಾನೆ. ಇಲ್ಲಿ ಆ ಬಿರುದಿಲ್ಲ. ತಾನು ಕ್ರಿಸ್ತನ ಸೆರೆಯಾಳು ಎಂದಷ್ಟೇ ಹೇಳಿಕೊಳ್ಳುತ್ತಾನೆ. ಗುಲಾಮನೊಬ್ಬನ ಪರವಾಗಿ ಮಾತನಾಡಲು ಹೊರಟವನು ಪೀಠದಿಂದ ಕೆಳಗಿಳಿದು ಸಂಕೋಲೆಯ ಪಕ್ಕದಲ್ಲಿ ನಿಂತುಕೊಳ್ಳುತ್ತಾನೆ. ಮುಂದೆ, ತಾನು ಮುದುಕ ಎಂಬುದನ್ನೂ ಸೇರಿಸುತ್ತಾನೆ. ಅಧಿಕಾರವನ್ನು ಬಿಟ್ಟುಕೊಟ್ಟವನಿಗೆ ಮರುಕದ ಬಲ ತಾನಾಗಿ ಒದಗುತ್ತದೆ. ಮಾತುಗಾರನ ಶೀಲವೇ ಅವನ ಅತಿ ಬಲವಾದ ಪ್ರಮಾಣವೆಂದು ಅರಿಸ್ಟಾಟಲನು ತನ್ನ ವಾಕ್ಕಲಾಶಾಸ್ತ್ರದಲ್ಲಿ ಹೇಳಿದ್ದು ಇಂಥದ್ದನ್ನೇ.

ಎರಡನೆಯದು ಕೇಳುಗರ ಆಯ್ಕೆ. ವಿಷಯ ಒಬ್ಬನ ಮನೆವಾರ್ತೆ. ಆದರೆ ಪತ್ರದ ಮೇಲ್ವಿಳಾಸ ಒಬ್ಬನಿಗಲ್ಲ. ಫಿಲೆಮೋನನ ಜೊತೆಗೆ ಅಪ್ಫಿಯ ಎಂಬಾಕೆಯ ಹೆಸರಿದೆ, ಅರ್ಖಿಪ್ಪನ ಹೆಸರಿದೆ, ಆ ಮನೆಯಲ್ಲಿ ಸೇರುವ ಇಡೀ ಸಭೆಯ ಉಲ್ಲೇಖವಿದೆ. ಎಂದರೆ ಈ ಪತ್ರವನ್ನು ಹತ್ತು ಜನರ ಮುಂದೆ ಓದಬೇಕು; ಉತ್ತರವನ್ನು ಫಿಲೆಮೋನನೊಬ್ಬನೇ ಕೊಡಬೇಕು. ಮೇಲ್ವಿಳಾಸ ದಾಟಿದ ಮೇಲೆ ಮುಖ್ಯ ಮಾತೆಲ್ಲ ಏಕವಚನದ ನೀನು. ಸಭೆ ನೋಡುತ್ತಿದೆ, ಮಾತು ಒಬ್ಬನೆದೆಗೇ ಗುರಿಯಿಟ್ಟಿದೆ.

ಅನಂತರ ಹೊಗಳಿಕೆ. ಫಿಲೆಮೋನನ ಪ್ರೀತಿಯನ್ನೂ ನಂಬಿಕೆಯನ್ನೂ ಕೇಳಿ ತನಗೆ ಸಂತೋಷವಾಗಿದೆ, ಅವನಿಂದ ಭಕ್ತರ ಒಳಗು ತಂಪಾಗಿದೆ ಎನ್ನುತ್ತಾನೆ ಪೌಲ. ಈ ಒಳಗು ಎಂಬುದಕ್ಕೆ ಅವನು ಬಳಸಿದ ಗ್ರೀಕ್ ಶಬ್ದ ಸ್ಪ್ಲಾಂಖ್ನ. ಅದರ ನೇರವಾದ ಅರ್ಥ ಕರುಳು. ಇಂಗ್ಲಿಷಿನ ಹಳೆಯ ಭಾಷಾಂತರಕಾರರು ಇದನ್ನು ಇದ್ದ ಹಾಗೇ ಇಟ್ಟರು; ಆಮೇಲಿನವರಿಗೆ ಅದು ಅಸಹ್ಯವೆನಿಸಿ ಹೃದಯ ಎಂದು ತಿದ್ದಿಕೊಂಡರು. ಕನ್ನಡಿಗರಿಗೆ ಆ ಮುಜುಗರವಿಲ್ಲ. ಕರುಳು ಚುರ್ರೆನ್ನುವುದು, ಕರುಳ ಕುಡಿ, ಹೆತ್ತ ಕರುಳು ಎಂಬಲ್ಲೆಲ್ಲ ನಾವು ಆ ಗ್ರೀಕರ ಹಾಗೆಯೇ ಮರುಕವನ್ನು ಹೊಟ್ಟೆಯೊಳಗೆ ಕಂಡವರು. ಇಷ್ಟು ಸಣ್ಣ ಪತ್ರದಲ್ಲಿ ಈ ಶಬ್ದ ಮೂರು ಬಾರಿ ಬರುತ್ತದೆ. ಬರುವ ಕ್ರಮವನ್ನು ನೋಡಿ. ಮೊದಲನೆಯ ಸಲ, ಫಿಲೆಮೋನನು ಭಕ್ತರ ಕರುಳನ್ನು ತಣಿಸಿದವನು. ಎರಡನೆಯ ಸಲ, ಹಿಂದಕ್ಕೆ ಬರುತ್ತಿರುವ ಈ ಗುಲಾಮನೇ ಪೌಲನ ಕರುಳು. ಮೂರನೆಯ ಸಲ, ಈಗ ನನ್ನ ಕರುಳನ್ನು ತಣಿಸು ಎಂಬ ಬೇಡಿಕೆ. ತರ್ಕಶಾಸ್ತ್ರದ ಪಂಚಾವಯವ ವಾಕ್ಯ ಇಲ್ಲಿಲ್ಲ. ಆದರೂ ತಪ್ಪಿಸಿಕೊಳ್ಳಲಾಗದ ಒಂದು ತರ್ಕವಿದೆ. ಕರುಳನ್ನು ತಣಿಸುವುದು ನಿನ್ನ ಸ್ವಭಾವ. ನನ್ನ ಕರುಳು ಇವನು. ಮುಂದಿನದನ್ನು ನೀನೇ ಹೇಳಿಕೋ.

ಒನೇಸಿಮನ ಹೆಸರನ್ನು ಪೌಲನು ಎಷ್ಟು ತಡಮಾಡಿ ತರುತ್ತಾನೆಂಬುದೂ ಗಮನಾರ್ಹ. ಪತ್ರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮುಗಿದಿದೆ; ಇನ್ನೂ ಆ ಹೆಸರಿಲ್ಲ. ಹತ್ತನೆಯ ವಚನದಲ್ಲಿ ಮೊದಲು ಬರುವುದು ಮಗ ಎಂಬ ಮಾತು. ಆಮೇಲೆ, ಸೆರೆಯಲ್ಲಿ ತಾನು ಹೆತ್ತ ಮಗ ಎಂಬ ವಿವರಣೆ. ವಾಕ್ಯದ ತುದಿಯಲ್ಲಿ ಹೆಸರು. ಆ ಮನೆಯವರಿಗೆ ಅಪ್ರಿಯವಾಗಿದ್ದ ಹೆಸರು ಕಿವಿಗೆ ಬೀಳುವ ವೇಳೆಗೆ ಅವನು ಆಗಲೇ ಒಬ್ಬನ ಮಗನಾಗಿದ್ದಾನೆ. ಹೆಸರು ಬಂದೊಡನೆ ಒಂದು ಶ್ಲೇಷೆ. ಒನೇಸಿಮ ಎಂದರೆ ಉಪಯುಕ್ತ. ಗುಲಾಮರಿಗೆ ಒಡೆಯರು ಇಡುತ್ತಿದ್ದ ಸಾಮಾನ್ಯವಾದ ಹೆಸರು. ಮನುಷ್ಯನಿಗೆ ಅವನ ಉಪಯೋಗವನ್ನೇ ಹೆಸರಾಗಿ ಇಟ್ಟ ಸಮಾಜ ಅದು. ಹಿಂದೆ ನಿನಗೆ ಉಪಯೋಗಕ್ಕೆ ಬಾರದಿದ್ದವನು ಈಗ ನಿನಗೂ ನನಗೂ ಉಪಯುಕ್ತನಾಗಿದ್ದಾನೆ ಎಂದು ಪೌಲನು ಆಡುತ್ತಾನೆ. ಅಖ್ರೇಸ್ತೊಸ್, ಯೂಖ್ರೇಸ್ತೊಸ್ ಎಂಬ ಆ ಗ್ರೀಕ್ ಪದಗಳಲ್ಲಿ ಕ್ರಿಸ್ತನ ಹೆಸರಿನ ನಾದವೂ ಕೇಳುತ್ತದೆ ಎನ್ನುವವರಿದ್ದಾರೆ. ನಗೆಯ ಒಂದು ಸಣ್ಣ ಎಳೆ ಸಾಕು. ಬಿಗಿದ ಹುಬ್ಬು ಸಡಿಲುತ್ತದೆ.

ಅವನು ನಿನ್ನನ್ನು ಬಿಟ್ಟುಹೋದ ಎಂದು ಪೌಲನು ಹೇಳುವುದಿಲ್ಲ. ಸ್ವಲ್ಪ ಕಾಲ ಬೇರ್ಪಡಿಸಲ್ಪಟ್ಟ, ಬಹುಶಃ ಎಂದೆಂದಿಗೂ ನಿನಗೆ ಸಿಕ್ಕುವುದಕ್ಕಾಗಿಯೇ, ಎಂಬ ಅರ್ಥ ಬರುವಂತೆ ಕರ್ಮಣಿಪ್ರಯೋಗದಲ್ಲಿ ಹೇಳುತ್ತಾನೆ. ಕರ್ತೃ ಯಾರೆಂದು ಕೇಳಿದರೆ ಗುಲಾಮನಲ್ಲ, ದೈವ. ಒಂದು ವ್ಯಾಕರಣರೂಪ ಒಬ್ಬನ ಬೆನ್ನಿನ ಮೇಲೆ ಬೀಳಬಹುದಾಗಿದ್ದ ಚಾಟಿಯನ್ನು ತಡೆದು ಹಿಡಿದಂತಿದೆ. ಆಮೇಲೆ ಬರುವುದು ಪತ್ರದ ತಿರುಳು: ಇನ್ನು ಮುಂದೆ ಅವನನ್ನು ಗುಲಾಮನೆಂದು ಎಣಿಸದೆ, ಅದಕ್ಕಿಂತ ಮಿಗಿಲಾದ ಪ್ರಿಯ ಸಹೋದರನೆಂದು ಸ್ವೀಕರಿಸಬೇಕು, ಅದೂ ದೇವರ ಸಂಬಂಧದಲ್ಲಿ ಮಾತ್ರವಲ್ಲ, ಲೋಕದ ಸಂಬಂಧದಲ್ಲಿಯೂ, ಪೌಲನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕು.

ಇಲ್ಲಿಯವರೆಗೆ ನಾನು ಮೆಚ್ಚಿಕೊಂಡೇ ಬಂದೆ. ಮುಂದಿನ ಭಾಗವನ್ನು ಓದುವಾಗಲೆಲ್ಲ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ಅವನು ನಿನಗೇನಾದರೂ ನಷ್ಟ ಮಾಡಿದ್ದರೆ, ಸಾಲ ತೀರಿಸಬೇಕಾಗಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ ಎನ್ನುತ್ತಾನೆ ಪೌಲ. ವ್ಯಾಪಾರಿಗಳ ಖಾತೆಯ ಭಾಷೆ ಇದು. ತಾನೇ ಲೇಖನಿ ಹಿಡಿದು, ತನ್ನ ಹಸ್ತಾಕ್ಷರದಲ್ಲಿಯೇ, ತೀರಿಸುತ್ತೇನೆಂದು ಬರೆದುಕೊಡುತ್ತಾನೆ. ಅಲ್ಲಿಗೆ ಪತ್ರ ಒಂದು ಸಾಲದ ಚೀಟಿಯಾಯಿತು. ಒಡನೆಯೇ, ನೀನು ನಿನ್ನನ್ನೇ ನನಗೆ ಸಾಲವಾಗಿ ತೆರಬೇಕಾಗಿದೆ ಎಂಬುದನ್ನು ನಾನು ಹೇಳಹೋಗುವುದಿಲ್ಲ ಎಂದು ಹೇಳುತ್ತಾನೆ! ಹೇಳುವುದಿಲ್ಲವೆಂದು ಹೇಳಿಯೇ ಹೇಳುವ ಈ ರೀತಿಯನ್ನು ನಮ್ಮವರು ಆಕ್ಷೇಪಾಲಂಕಾರವೆಂದು ಕರೆದರು. ಗ್ರೀಕ್ ವಾಗ್ಮಿಗಳಿಗೂ ಅದು ಚೆನ್ನಾಗಿ ತಿಳಿದಿತ್ತು. ಫಿಲೆಮೋನನು ಕ್ರೈಸ್ತನಾದದ್ದು ಪೌಲನಿಂದ. ಅವನ ಹೊಸ ಬಾಳೇ ಪೌಲನ ಋಣ. ಖಾತೆ ತೆರೆದದ್ದು ಸೇವಕನ ಸಾಲಕ್ಕೆಂದು. ಓದಿ ಮುಗಿಸುವಷ್ಟರಲ್ಲಿ ಒಡೆಯನೇ ಸಾಲಗಾರ.

ಇಷ್ಟಕ್ಕೇ ನಿಲ್ಲುವುದಿಲ್ಲ. ನೀನು ವಿಧೇಯನಾಗುವೆಯೆಂಬ ಭರವಸೆಯಿಂದ ಬರೆದಿದ್ದೇನೆ, ನಾನು ಕೇಳಿದ್ದಕ್ಕಿಂತ ಹೆಚ್ಚನ್ನೇ ಮಾಡುವೆ ಎನ್ನುತ್ತಾನೆ. ಮತ್ತೆ, ನನಗೊಂದು ಬಿಡಾರವನ್ನೂ ಸಿದ್ಧಮಾಡಿಡು, ನಾನು ಬರುವ ನಿರೀಕ್ಷೆಯಲ್ಲಿದ್ದೇನೆ ಎಂಬ ಸೂಚನೆ. ಬಂದು ಕಣ್ಣಾರೆ ನೋಡುತ್ತಾನೆ ಎಂದಾಯಿತು. ಆಜ್ಞೆ ಮಾಡಲಾರೆ, ನಿನ್ನ ಒಳ್ಳೆಯತನ ಬಲಾತ್ಕಾರದಿಂದ ಬಂದದ್ದಾಗದೆ ನಿನ್ನ ಮನಸ್ಸಿನಿಂದಲೇ ಬಂದದ್ದಾಗಲಿ ಎಂದು ನಡುವೆ ಹೇಳಿದವನು ಕೊನೆಯಲ್ಲಿ ವಿಧೇಯತೆ ಎಂಬ ಮಾತನ್ನೇ ಎತ್ತುತ್ತಾನೆ. ಹಾಗಾದರೆ ಫಿಲೆಮೋನನಿಗೆ ಉಳಿದ ಸ್ವಾತಂತ್ರ್ಯವೆಷ್ಟು? ಸಭೆಯ ಕಣ್ಣು, ಹೊಗಳಿಕೆಯ ಭಾರ, ಮುದುಕನ ಮರುಕ, ತೀರಿಸಲಾಗದ ಋಣ, ಬರಲಿರುವ ಅತಿಥಿ, ಇವೆಲ್ಲದರ ನಡುವೆ ಇಲ್ಲ ಎನ್ನುವುದು ಸಾಧ್ಯವೆ? ಕಾಂತೆಯ ನುಡಿ ಕೆಲವೊಮ್ಮೆ ಪ್ರಭುವಿನ ಅಪ್ಪಣೆಗಿಂತ ಬಿಗಿಯಾದದ್ದೆಂದು ಸಂಸಾರಿಗಳಿಗೆ ಬೇರೆ ಹೇಳಬೇಕಾಗಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಅದೇ ಕಾಲಕ್ಕೆ ಹತ್ತಿರದ ಇನ್ನೊಂದು ಪತ್ರವನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ರೋಮಿನ ಗಣ್ಯ ಲೇಖಕ ಕಿರಿಯ ಪ್ಲಿನಿಯ ಪತ್ರಸಂಗ್ರಹದ ಒಂಬತ್ತನೆಯ ಸಂಪುಟದಲ್ಲಿ ಸಬಿನಿಯಾನಸ್ ಎಂಬವನಿಗೆ ಬರೆದ ಪತ್ರವಿದೆ. ಅಲ್ಲಿಯೂ ಒಬ್ಬ ಸೇವಕ, ಬಿಡುಗಡೆ ಹೊಂದಿದ ಗುಲಾಮ, ಒಡೆಯನ ಕೋಪಕ್ಕೆ ತುತ್ತಾಗಿ ಪ್ಲಿನಿಯ ಮೊರೆಹೊಕ್ಕಿದ್ದಾನೆ. ಅವನ ಕಣ್ಣೀರನ್ನು, ಪಶ್ಚಾತ್ತಾಪವನ್ನು, ಎಳೆಯ ವಯಸ್ಸನ್ನು ವರ್ಣಿಸಿ, ನಿನ್ನ ಕೋಪ ನ್ಯಾಯವೇ, ಆದರೂ ಕ್ಷಮಿಸು ಎಂದು ಪ್ಲಿನಿ ಬೇಡುತ್ತಾನೆ. ಸೊಗಸಾದ ಪತ್ರ, ಕೆಲಸವೂ ಆಯಿತೆಂದು ಆಮೇಲಿನ ಇನ್ನೊಂದು ಪತ್ರದಿಂದ ತಿಳಿಯುತ್ತದೆ. ಆದರೆ ಪ್ಲಿನಿ ಕೇಳಿದ್ದು ಕೋಪದ ಶಮನವನ್ನು ಮಾತ್ರ. ಒಡೆಯ ಒಡೆಯನಾಗಿಯೇ ಉಳಿಯುತ್ತಾನೆ, ಆಳು ಆಳಾಗಿಯೇ. ಪೌಲನ ಪತ್ರದಲ್ಲಿ ಗುಲಾಮನ ಕಣ್ಣೀರಿಲ್ಲ, ಪಶ್ಚಾತ್ತಾಪದ ಮಾತಿಲ್ಲ. ಕ್ಷಮಿಸು ಎಂಬ ಪದವೂ ಇಲ್ಲ. ಅಲ್ಲಿ ಬದಲಾಗಬೇಕಾದದ್ದು ಒಡೆಯನ ಮನಃಸ್ಥಿತಿಯಷ್ಟೇ ಅಲ್ಲ, ಇಬ್ಬರ ನಡುವಣ ಸಂಬಂಧದ ಹೆಸರೇ. ಇಷ್ಟು ದೊಡ್ಡದನ್ನು ಅಪ್ಪಣೆಯಿಂದ ಮಾಡಿಸಲಾಗದು. ಬಿಡುಗಡೆ ಮಾಡು ಎಂದರೆ ಒಬ್ಬ ಬಿಡುಗಡೆ ಮಾಡಬಹುದು. ಅಣ್ಣತಮ್ಮನೆಂದು ಕಾಣು ಎಂಬ ಅಪ್ಪಣೆಯನ್ನು ಪಾಲಿಸುವುದು ಹೇಗೆ? ಅದಕ್ಕೇ ಪೌಲನು ಅಪ್ಪಣೆಯನ್ನು ಬಿಟ್ಟನೆಂದು ನನಗೆ ತೋರುತ್ತದೆ. ಅವನ ಒತ್ತಡವೆಲ್ಲ ಫಿಲೆಮೋನನು ಆಗಲೇ ಒಪ್ಪಿಕೊಂಡ ನಂಬಿಕೆಯನ್ನು ಅವನ ಮುಖಕ್ಕೆ ಕನ್ನಡಿಯಾಗಿ ಹಿಡಿಯುವುದರಲ್ಲಿದೆ.

ಹಾಗೆಂದು ಈ ರೀತಿಗೆ ಬೆಲೆ ತೆರಬೇಕಾಗಲಿಲ್ಲವೆಂದಲ್ಲ. ಒನೇಸಿಮನಿಗೆ ಬಿಡುಗಡೆ ಕೊಡು ಎಂಬ ಒಂದು ಮಾತು ಪತ್ರದಲ್ಲಿ ಸ್ಪಷ್ಟವಾಗಿ ಇಲ್ಲ. ಕೇಳಿದ್ದಕ್ಕಿಂತ ಹೆಚ್ಚು ಎಂಬಲ್ಲಿ ಅದು ಧ್ವನಿಯಾಗಿ ಇರಬಹುದು. ಧ್ವನಿ ಸಹೃದಯನನ್ನು ಅಪೇಕ್ಷಿಸುತ್ತದೆ. ಸಹೃದಯನಲ್ಲದವನ ಕೈಗೆ ಸಿಕ್ಕಿದರೆ ಮೌನವೇ ಅನುಮತಿಯಾಗುತ್ತದೆ. ನಾಲ್ಕನೆಯ ಶತಮಾನದ ಕೊನೆಯ ವೇಳೆಗೆ ಪ್ರಸಿದ್ಧ ಉಪದೇಶಕ ಯೋಹಾನ ಕ್ರಿಸೊಸ್ತೊಮನು ಈ ಪತ್ರವನ್ನು ಕುರಿತು ಪ್ರವಚನ ಮಾಡಿದ. ಇಷ್ಟು ಅಲ್ಪ ವಿಷಯದ ಪತ್ರ ಧರ್ಮಗ್ರಂಥದಲ್ಲಿ ಏಕಿರಬೇಕೆಂದು ಕೇಳುವವರು ಆಗಲೇ ಇದ್ದರು. ಅವರಿಗೆ ಅವನು ಸಮರ್ಥವಾದ ಉತ್ತರ ಕೊಟ್ಟ. ಆದರೆ ಗುಲಾಮರನ್ನು ಒಡೆಯರಿಂದ ಬಿಡಿಸಬಾರದೆಂಬ ಪಾಠವನ್ನೂ ಇದರಿಂದಲೇ ತೆಗೆದ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1850ರಲ್ಲಿ, ತಪ್ಪಿಸಿಕೊಂಡ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಕಾನೂನು ಬಂತು. ಆಗ ಮೋಸೆಸ್ ಸ್ಟುಆರ್ಟ್ ಎಂಬ ದೊಡ್ಡ ಬೈಬಲ್ ವಿದ್ವಾಂಸರು, ಪೌಲನೂ ಒನೇಸಿಮನನ್ನು ಹಿಂದಕ್ಕೆ ಕಳುಹಿಸಲಿಲ್ಲವೆ ಎಂದು ಬರೆದರು. ಗುಲಾಮಗಿರಿಯ ವಿರೋಧಿಗಳು ಅದೇ ಪತ್ರದ ಹದಿನಾರನೆಯ ವಚನವನ್ನು, ಗುಲಾಮನಾಗಿ ಅಲ್ಲ, ಸಹೋದರನಾಗಿ ಎಂಬ ಅದರ ತಿರುಳನ್ನು, ಎತ್ತಿ ತೋರಿಸಿದರು. ಪತ್ರ ಒಂದೇ, ಸಾಕ್ಷಿ ಎರಡೂ ಕಡೆಗೆ.

ಇದಕ್ಕೂ ಹಿಂದೆ, 1830ರ ದಶಕದಲ್ಲಿ, ಜಾರ್ಜಿಯಾ ಸಂಸ್ಥಾನದಲ್ಲಿ ಒಂದು ಘಟನೆ ನಡೆಯಿತು. ಆ ಜಿಲ್ಲೆಯ ಹೆಸರು ಲಿಬರ್ಟಿ, ಎಂದರೆ ಸ್ವಾತಂತ್ರ್ಯ! ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ ಎಂಬ ಪಾದ್ರಿ, ಸ್ವತಃ ಗುಲಾಮರ ಒಡೆಯ, ಗುಲಾಮರ ದೊಡ್ಡ ಸಭೆಯೊಂದಕ್ಕೆ ಇದೇ ಪತ್ರವನ್ನು ಕುರಿತು ಉಪದೇಶ ಮಾಡಿದರು. ವಿಧೇಯತೆಯನ್ನು ಹೊಗಳಿ, ಪೌಲನ ಹೆಸರಿನಲ್ಲಿ ಓಡಿಹೋಗುವುದನ್ನು ಖಂಡಿಸಿದರು. ಸಭೆಯ ಅರ್ಧದಷ್ಟು ಜನ ಎದ್ದು ಹೊರಟುಹೋದರು. ಉಳಿದವರಿಗೂ ಸಮಾಧಾನವಿರಲಿಲ್ಲ. ಉಪದೇಶ ಮುಗಿದ ಮೇಲೆ, ಇಂಥ ಪತ್ರ ಬೈಬಲಿನಲ್ಲಿ ಇಲ್ಲವೇ ಇಲ್ಲ ಎಂದರು ಕೆಲವರು. ಇದು ಸುವಾರ್ತೆಯಲ್ಲ ಎಂದರು ಕೆಲವರು. ಒಡೆಯರನ್ನು ಮೆಚ್ಚಿಸಲು ಆಡಿದ ಮಾತು ಎಂದರು ಮತ್ತೆ ಕೆಲವರು. ಇದನ್ನೆಲ್ಲ ಮರೆಮಾಚದೆ ವರದಿಯಲ್ಲಿ ಬರೆದಿಟ್ಟವರು ಜೋನ್ಸರೇ.

ಆ ಜನಕ್ಕೆ ಓದು ಕಲಿಯುವ ಅವಕಾಶವನ್ನು ಕಾನೂನೇ ತಪ್ಪಿಸಿತ್ತು. ಅಂಥ ಪತ್ರ ಬೈಬಲಿನಲ್ಲಿಲ್ಲ ಎಂದ ಅವರ ಮಾತು ವಾಸ್ತವವಾಗಿ ತಪ್ಪು. ಆದರೂ ಅವರು ಹೇಳಿದ್ದು ಸರಿಯೆಂದೇ ನನ್ನ ಎಣಿಕೆ. ಜೋನ್ಸರು ಉಪದೇಶಿಸಿದಂಥ ಪತ್ರ ನಿಜವಾಗಿಯೂ ಬೈಬಲಿನಲ್ಲಿಲ್ಲ. ಪೌಲನು ಬರೆದದ್ದು ಒಡೆಯನಿಗೆ. ಬದಲಾಗು ಎಂದು ಕೇಳಿದ್ದು ಒಡೆಯನನ್ನು. ಅದನ್ನು ಗುಲಾಮರ ಕಡೆಗೆ ತಿರುಗಿಸಿ ಓದಿದ ಕ್ಷಣದಲ್ಲಿ ಅದು ಬೇರೆಯದೇ ಪತ್ರವಾಯಿತು. ನೀತಿಯ ಮಾತನ್ನು ತೂಗುವಾಗ ಏನು ಹೇಳಿದರೆಂಬುದರ ಜೊತೆಗೆ ಯಾರ ಕಡೆಗೆ ಮುಖ ಮಾಡಿ ಹೇಳಿದರೆಂಬುದನ್ನೂ ನೋಡಬೇಕು. ಬಲವುಳ್ಳವನಿಗೆ ಹೇಳಿದಾಗ ಎದೆಗಾರಿಕೆಯಾಗುವ ಮಾತು, ಬಲವಿಲ್ಲದವನಿಗೆ ಹೇಳಿದಾಗ ಕ್ರೌರ್ಯವಾಗಬಲ್ಲದು.

ಫಿಲೆಮೋನನು ಏನು ಮಾಡಿದ? ಅವನ ಉತ್ತರ ಉಳಿದುಬಂದಿಲ್ಲ. ಎರಡನೆಯ ಶತಮಾನದ ಆದಿಭಾಗದಲ್ಲಿ ಅಂತಿಯೋಕ್ಯದ ಇಗ್ನಾಶಿಯಸನು ಎಫೆಸದವರಿಗೆ ಬರೆದ ಪತ್ರದಲ್ಲಿ ಅಲ್ಲಿಯ ಬಿಷಪನ ಹೆಸರು ಒನೇಸಿಮ ಎಂದಿದೆ. ಅವನೇ ಇವನಿರಬಹುದೆಂದು 1935ರಲ್ಲಿ ಜಾನ್ ನಾಕ್ಸ್ ಎಂಬ ಅಮೆರಿಕದ ವಿದ್ವಾಂಸರು ವಾದಿಸಿದರು. ಹೆಸರು ಸಾಮಾನ್ಯವಾದದ್ದು, ಆದ್ದರಿಂದ ಅದು ಊಹೆಯೇ ಸರಿ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಈ ಪತ್ರ ಉಳಿದುಬಂದಿದೆ. ತನ್ನನ್ನು ಹತ್ತು ಜನರ ಮುಂದೆ ಇಷ್ಟು ಸಿಕ್ಕಿಸಿದ ಪತ್ರವನ್ನು ಹರಿದುಹಾಕುವುದು ಆ ಗೃಹಸ್ಥನಿಗೆ ಕಷ್ಟವಾಗಿರಲಿಲ್ಲ. ಯಾರೋ ಅದನ್ನು ಜೋಪಾನವಾಗಿ ಇಟ್ಟುಕೊಂಡರು, ನಕಲು ಮಾಡಿದರು. ಒಡೆಯನೋ, ಬಾಗಿಲಲ್ಲಿ ನಿಂತಿದ್ದವನೋ, ಹೇಳಬಲ್ಲವರಿಲ್ಲ.

ಪತ್ರದುದ್ದಕ್ಕೂ ಮಾತನಾಡದವನು ಒನೇಸಿಮನೊಬ್ಬನೇ. ಅವನಿಗಾಗಿ ಪೌಲನು ಬೇಡುತ್ತಾನೆ, ಅವನ ಮೇಲೆ ಫಿಲೆಮೋನನು ತೀರ್ಮಾನ ಮಾಡುತ್ತಾನೆ. ಹಿಂದಕ್ಕೆ ಹೋಗುವೆಯಾ ಎಂದು ಅವನನ್ನು ಕೇಳಿದ ಗುರುತು ಪತ್ರದಲ್ಲಿಲ್ಲ. ಒಡೆಯನ ಒಪ್ಪಿಗೆಯಿಲ್ಲದೆ ಏನನ್ನೂ ಮಾಡಲಾರೆ ಎಂದ ಪೌಲನ ಸೂಕ್ಷ್ಮತೆ ಗುಲಾಮನ ಒಪ್ಪಿಗೆಯವರೆಗೆ ಹೋಗಲಿಲ್ಲ. ಅವನ ಪರವಾಗಿ ಉತ್ತರ ಬರಲು ಸಾವಿರದ ಏಳುನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. ಆ ಉತ್ತರ ಬಂದದ್ದು ಲಿಬರ್ಟಿ ಜಿಲ್ಲೆಯ ಆ ಸಭೆಯಲ್ಲಿ. ಅದನ್ನು ಕೊಟ್ಟವರು ಒಂದು ಮಾತನ್ನೂ ಆಡದೆ ಎದ್ದು ಹೊರನಡೆದವರು.